ಏಳು ಪುಸ್ತಕದಾಗ ಮೊದಲು ಯಾವುದು? ದೇವಿಕೊಪ್ಪದಿಂದ ಟ್ರಾಂಟರ್‌ವರೆಗೆ ಒಂದು ಓದಿನ ಇತಿಹಾಸ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ರಾಜರ ಕಥೆ ಇಲ್ಲ, ಯುದ್ಧದ ಕಥೆ ಇಲ್ಲ. ಒಂದು ಪುಸ್ತಕದ ಸಾಲು ಹುಟ್ಟಿದ ಕಥೆ. ಅದರ ಜೊತೆಗೆ ಆ ಸಾಲಿನ ತಪ್ಪು ಬಾಗಿಲು ಬಡಿದು ವಾಪಸ್ ಬಂದವನ ಕಥೆ. ಆ ಪೈಕಿ ನಾನೇ ಒಬ್ಬ.

ಶುರುವಾಗಿದ್ದು ಹೀಗೆ. ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮೂರು ಕಲಘಟಗಿ ತಾಲೂಕಿನ ದೇವಿಕೊಪ್ಪ. ಕಟ್ಟೆ ಮೇಲೆ ಕೂತು ಗೋವಿನಜೋಳದ ರೇಟಿನ ಮಾತು ಕೇಳ್ತಾ ಇದ್ದಾಗ ನಮ್ಮಕ್ಕನ ಮಗಳು ಫೋನ್ ಹಿಡಿದುಕೊಂಡು ಬಂದಳು. ಹುಬ್ಬಳ್ಳಿಯಲ್ಲಿ ಡಿಗ್ರಿ ಮೊದಲನೇ ವರ್ಷ. ‘ಫೌಂಡೇಶನ್’ ಅನ್ನೋ ವೆಬ್ ಸೀರೀಸ್‌ನ ಎರಡು ನಿಮಿಷದ ತುಣುಕು ನೋಡಿದ್ದಾಳೆ.

"ಮಾಮಾ, ಇದು ಮೊದಲು ಪುಸ್ತಕ ಇತ್ತಂತಲ್ಲ? ಒಂದಲ್ಲ, ಏಳು ಅದಾವಂತ. ಯಾವುದರಿಂದ ಶುರು ಮಾಡ್ಲಿ?"

ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಇದೇ ಪ್ರಶ್ನೆ ನನಗೂ ಒಂದು ಕಾಲಕ್ಕೆ ಬಂದಿತ್ತು. ಕೇಳೋಕೆ ಯಾರೂ ಇರಲಿಲ್ಲ. ಆ ಒಂದು ಪ್ರಶ್ನೆಗೆ ಉತ್ತರ ಸಿಗದೆ ಹದಿಮೂರು ವರ್ಷ ಕಳೆದುಕೊಂಡೆ.

ನಲವತ್ತು ರೂಪಾಯಿಯ ಪುಸ್ತಕ

2008ರ ಮಾತು. ಹತ್ತನೇತ್ತದವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ಸೈನ್ಸ್‌ಗೆ ಹುಬ್ಬಳ್ಳಿಗೆ ಹೋಗಿದ್ದೆ. ಫಿಸಿಕ್ಸ್ ಪಾಠ ಕಿವಿಗೆ ಬೀಳ್ತಿತ್ತು, ತಲೆಗೆ ಹೋಗ್ತಿರಲಿಲ್ಲ. ಇಂಗ್ಲಿಷ್ ಸುಧಾರಿಸಬೇಕಾದ್ರೆ ಕಾದಂಬರಿ ಓದು ಅಂತ ಯಾರೋ ಹೇಳಿದ್ರು. ಒಂದು ಹಳೇ ಪುಸ್ತಕದ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಐಸಾಕ್ ಆಸಿಮೊವ್ ಬರೆದ ‘ಪ್ರಿಲ್ಯೂಡ್ ಟು ಫೌಂಡೇಶನ್’. ನಲವತ್ತು ರೂಪಾಯಿ. ಪ್ರಿಲ್ಯೂಡ್ ಅಂದ್ರೆ ಪೀಠಿಕೆ ಅಂತ ಡಿಕ್ಷನರಿ ನೋಡಿ ಗೊತ್ತು ಮಾಡಿಕೊಂಡೆ. ಪೀಠಿಕೆಯಿಂದಲೇ ಶುರು ಮಾಡಬೇಕಲ್ಲ? ಖುಷಿ ಆಯ್ತು.

ಪುಸ್ತಕ ತೆರೆದರೆ ಕಥೆಗಿಂತ ಮುಂಚೆ ಲೇಖಕರ ಟಿಪ್ಪಣಿ. ಅದರಲ್ಲಿ ಒಂದು ಪಟ್ಟಿ. ಒಟ್ಟು ಹದಿನಾಲ್ಕು ಪುಸ್ತಕ, ಕಥೆಯ ಕಾಲಕ್ರಮದಲ್ಲಿ. ಮೊದಲು ರೋಬಾಟ್ ಕಥೆಗಳು, ಆಮೇಲೆ ರೋಬಾಟ್ ಕಾದಂಬರಿಗಳು, ಆಮೇಲೆ ಸಾಮ್ರಾಜ್ಯದ ಕಾದಂಬರಿಗಳು. ನನ್ನ ಕೈಯಲ್ಲಿರೋದು ಒಂಬತ್ತನೇದು! ಬಹುಶಃ ಈ ಕ್ರಮದಲ್ಲೇ ಓದಬೇಕೇನೋ ಅನ್ನೋ ಅರ್ಥದ ಮಾತನ್ನ ಲೇಖಕರೇ ಬರೆದಿದ್ದರು. ಅಂದ್ರೆ ಇದಕ್ಕೂ ಮುಂಚೆ ನಾನು ಎಂಟು ಪುಸ್ತಕ ಓದಬೇಕು. ಎಂಟು ಇಂಗ್ಲಿಷ್ ಪುಸ್ತಕ. ಎಲ್ಲಿಂದ ತರೋದು?

ಆದರೂ ಮೂವತ್ತು ಪುಟ ಒದ್ದಾಡಿದೆ. ಹ್ಯಾರಿ ಸೆಲ್ಡನ್ ಅನ್ನೋ ಗಣಿತಜ್ಞನನ್ನ ಚಕ್ರವರ್ತಿ ಕರೆಸ್ತಾನೆ. ಈ ಸೆಲ್ಡನ್ ಮುಂದೆ ದೊಡ್ಡ ಮನುಷ್ಯ ಆಗ್ತಾನೆ ಅಂತ ಪುಸ್ತಕ ಮೊದಲೇ ಸೂಚನೆ ಕೊಡ್ತದೆ. ಗೊತ್ತಿದ್ದವರಿಗೆ ಅದು ರೋಮಾಂಚನ. ನನಗೆ ಅವನು ಯಾರೋ ಏನೋ. ಪುಸ್ತಕ ಮುಚ್ಚಿ ಊರಿಗೆ ಒಯ್ದು ಅಟ್ಟದ ಮೇಲೆ ಹಾಕಿದೆ. ಅದರ ಜೊತೆ ಇನ್ನೊಂದನ್ನೂ ಅಟ್ಟಕ್ಕೆ ಹಾಕಿದೆ: ಇಂಗ್ಲಿಷ್ ಪುಸ್ತಕ ನಮ್ಮಂಥವರಿಗಲ್ಲ ಅನ್ನೋ ತೀರ್ಮಾನ. ಪುಸ್ತಕಕ್ಕೆ ಧೂಳು ಹಿಡೀತು. ಆ ತೀರ್ಮಾನ ಮಾತ್ರ ದಿನಾ ನನ್ನ ಜೊತೆಗೇ ಇತ್ತು.

ತಪ್ಪು ನನ್ನ ಇಂಗ್ಲಿಷ್‌ದಲ್ಲ, ಬಾಗಿಲಿನದು ಅಂತ ತಿಳಿದದ್ದು ಈ ಸರಣಿಯ ಇತಿಹಾಸ ಗೊತ್ತಾದ ಮೇಲೆ. ಅದನ್ನೇ ಈಗ ಹೇಳ್ತೀನಿ.

1941: ರೈಲಿನಲ್ಲಿ ಕೂತ ಹುಡುಗ

ಆಸಿಮೊವ್ ಹುಟ್ಟಿದ್ದು 1920ರಲ್ಲಿ, ರಷ್ಯಾದ ಪೆಟ್ರೊವಿಚಿ ಅನ್ನೋ ಸಣ್ಣ ಊರಲ್ಲಿ. ಮೂರು ವರ್ಷದ ಮಗು ಇದ್ದಾಗ ಮನೆಯವರು ಅಮೆರಿಕಕ್ಕೆ ವಲಸೆ ಹೋದರು. ಮನೆಮಾತು ಯಿಡ್ಡಿಷ್. ಐದು ವರ್ಷದ ಹುಡುಗ ಬ್ರೂಕ್ಲಿನ್ ಬೀದಿಯ ಬೋರ್ಡುಗಳನ್ನ ನೋಡಿ ನೋಡಿ ಇಂಗ್ಲಿಷ್ ಓದೋದನ್ನ ತಾನೇ ಕಲಿತ. ಇದು ನನಗೆ 2008ರಲ್ಲಿ ಗೊತ್ತಿದ್ದರೆ! ನಾನು ಹೆದರಿದ ಇಂಗ್ಲಿಷ್ ಬರೆದವನ ಮನೆಮಾತೂ ಇಂಗ್ಲಿಷ್ ಆಗಿರಲಿಲ್ಲ.

ಅವರ ಅಪ್ಪನದು ಮಿಠಾಯಿ ಅಂಗಡಿ. ಅಲ್ಲೇ ಪತ್ರಿಕೆಗಳೂ ಮಾರಾಟಕ್ಕೆ ತೂಗಾಡ್ತಿದ್ದವು. ಅಗ್ಗದ ಕಾಗದದ ಕಥಾಪತ್ರಿಕೆ ಓದಿದರೆ ಹುಡುಗ ಕೆಡ್ತಾನೆ ಅಂತ ಅಪ್ಪನಿಗೆ ಭಯ. 1929ರಲ್ಲಿ ಒಂದು ಹೊಸ ಪತ್ರಿಕೆ ಬಂತು, ‘ಸೈನ್ಸ್ ವಂಡರ್ ಸ್ಟೋರೀಸ್’. ಹೆಸರಿನಲ್ಲೇ ಸೈನ್ಸ್ ಐತಲ್ಲಪ್ಪಾ ಅಂತ ಒಂಬತ್ತು ವರ್ಷದ ಮಗ ವಾದ ಹೂಡಿದ. ಅಪ್ಪ ಒಪ್ಪಿದ. ಅಭ್ಯಾಸದ ಹೆಸರು ಹೇಳಿ ಫೋನ್ ತಗೊಂಡವರು ಯಾರಾದ್ರೂ ಕೇಳ್ತಿದ್ದೀರಾ? ನಿಮಗೆ ಇದು ಚೆನ್ನಾಗಿ ಅರ್ಥ ಆಗ್ತದೆ.

ಈಗ ಆಗಸ್ಟ್ 1, 1941ಕ್ಕೆ ಬನ್ನಿ. ಯುರೋಪಿನಲ್ಲಿ ಮಹಾಯುದ್ಧ ನಡೀತಿದೆ. 21 ವರ್ಷದ ಆಸಿಮೊವ್ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೂತು ಜಾನ್ ಕ್ಯಾಂಪ್‌ಬೆಲ್ ಅನ್ನೋ ಸಂಪಾದಕರನ್ನ ನೋಡೋಕೆ ಹೊರಟಿದ್ದಾರೆ. ಕ್ಯಾಂಪ್‌ಬೆಲ್ ನಡೆಸ್ತಿದ್ದದ್ದು ‘ಅಸ್ಟೌಂಡಿಂಗ್’ ಪತ್ರಿಕೆ. ಆದರೆ ಕೈಯಲ್ಲಿ ಹೊಸ ಕಥೆಯೇ ಇಲ್ಲ. ಮಡಿಲಲ್ಲಿದ್ದ ಒಂದು ಹಾಡು-ನಾಟಕದ ಪುಸ್ತಕ ಸುಮ್ಮನೆ ತೆರೆದರು. ಅದರಲ್ಲಿ ಕಾವಲು ಸೈನಿಕನ ಒಂದು ಚಿತ್ರ. ಸೈನಿಕನಿಂದ ಸೈನ್ಯ, ಸೈನ್ಯದಿಂದ ಸಾಮ್ರಾಜ್ಯ, ಸಾಮ್ರಾಜ್ಯದಿಂದ ರೋಮ್. ರೋಮ್ ಬಿದ್ದ ಬಗ್ಗೆ ಎಡ್ವರ್ಡ್ ಗಿಬ್ಬನ್ ಬರೆದ ಇತಿಹಾಸ ಮೊದಲೇ ಓದಿದ್ದರು. ಬಿದ್ದದ್ದು ಒಂದು ದೇಶದ ಸಾಮ್ರಾಜ್ಯ ಅಲ್ಲ, ಇಡೀ ನಕ್ಷತ್ರಮಂಡಲದ ಸಾಮ್ರಾಜ್ಯ ಅಂತಾದ್ರೆ?

ಈ ಸಾಮ್ರಾಜ್ಯ ಬೀಳೋ ಮಾತು ನಮಗೇನು ದೂರದ್ದಲ್ಲ ನೋಡ್ರಿ. ನಮ್ಮ ಜಿಲ್ಲೆಯ ಅಣ್ಣಿಗೇರಿಗೆ ಹೋಗಿ, ಅಮೃತೇಶ್ವರ ಗುಡಿ ಮುಂದೆ ನಿಲ್ಲಿ. 12ನೇ ಶತಮಾನದ ಕೊನೆಯಲ್ಲಿ ಕಲ್ಯಾಣದ ಚಾಲುಕ್ಯರ ಕೊನೆಯ ಅರಸ ನಾಲ್ಕನೇ ಸೋಮೇಶ್ವರನ ರಾಜಧಾನಿ ಆ ಊರು. ಎರಡು ಶತಮಾನ ಆಳಿದ ದೊಡ್ಡ ಮನೆತನ ಅಲ್ಲಿಗೆ ಮುಗೀತು. ಉತ್ತರಕ್ಕೆ ಸೇವುಣರು, ದಕ್ಷಿಣಕ್ಕೆ ಹೊಯ್ಸಳರು ಹಂಚಿಕೊಂಡರು. ಗುಡಿ ಉಳೀತು, ಶಾಸನ ಉಳೀತು, ಕನ್ನಡ ಉಳೀತು. ರಾಜ್ಯ ಬಿದ್ದಾಗ ಏನು ಉಳೀತದೆ, ಯಾರು ಉಳಿಸ್ತಾರೆ? ಫೌಂಡೇಶನ್ ಸರಣಿಯ ಮೂಲ ಪ್ರಶ್ನೆ ಇದೇ.

ಕಥೆಯ ತಿರುಳು ಇಷ್ಟು. ಹನ್ನೆರಡು ಸಾವಿರ ವರ್ಷದ ಸಾಮ್ರಾಜ್ಯ ಕುಸಿಯೋದಿದೆ. ಹ್ಯಾರಿ ಸೆಲ್ಡನ್ ‘ಸೈಕೋಹಿಸ್ಟರಿ’ ಅನ್ನೋ ಗಣಿತ ಕಟ್ಟಿದ್ದಾನೆ. ಒಬ್ಬ ಮನುಷ್ಯ ನಾಳೆ ಏನು ಮಾಡ್ತಾನೆ ಅಂತ ಅದು ಹೇಳೋಕೆ ಆಗಲ್ಲ, ಆದರೆ ಕೋಟ್ಯಂತರ ಜನ ಸೇರಿದಾಗ ಏನಾಗ್ತದೆ ಅಂತ ಹೇಳಬಹುದು. ನಾಳೆ ಎಪಿಎಂಸಿಗೆ ಯಾವ ರೈತ ಚೀಲ ತರ್ತಾನೆ ಅಂತ ಯಾರಿಗೂ ಗೊತ್ತಿರಲ್ಲ. ಸುಗ್ಗಿಯಲ್ಲಿ ಆವಕ ಏರ್ತದೆ, ರೇಟು ಇಳೀತದೆ ಅನ್ನೋದು ಎಲ್ಲರಿಗೂ ಗೊತ್ತು. ಹಾಗೆ. ಸೆಲ್ಡನ್ ಲೆಕ್ಕದ ಪ್ರಕಾರ ಮುಂದಿನ ಕತ್ತಲೆ ಮೂವತ್ತು ಸಾವಿರ ವರ್ಷ. ಜ್ಞಾನ ಕಾಪಾಡೋಕೆ ದೂರದ ಒಂದು ಗ್ರಹದಲ್ಲಿ ಸಣ್ಣ ನೆಲೆ ಕಟ್ಟಿದರೆ ಆ ಕತ್ತಲೆಯನ್ನ ಒಂದು ಸಾವಿರ ವರ್ಷಕ್ಕೆ ಇಳಿಸಬಹುದು. ಆ ನೆಲೆಯೇ ಫೌಂಡೇಶನ್.

ಕ್ಯಾಂಪ್‌ಬೆಲ್ ಕುಣಿದಾಡಿದರು. ಒಂದು ಕಥೆ ಸಾಲದು, ಸಾಲು ಕಥೆ ಬರಿ, ಮೊದಲು ಮುಂದಿನ ಕಾಲದ ಇಡೀ ರೂಪುರೇಷೆ ಹಾಕ್ಕೊಂಡು ಬಾ ಅಂದರು. ಆಸಿಮೊವ್ ಮನೆಗೆ ಹೋಗಿ ಕೂತರು. ರೂಪುರೇಷೆ ಉದ್ದ ಆಗ್ತಾ ಹೋಯ್ತು. ಕೊನೆಗೆ ಹರಿದು ಎಸೆದರು. ಕಥೆಯೊಳಗಿನ ಸೆಲ್ಡನ್ ಹತ್ತಿರ ಸಾವಿರ ವರ್ಷದ ಯೋಜನೆ ಇತ್ತು. ಅವನನ್ನ ಹುಟ್ಟಿಸಿದವರ ಹತ್ತಿರ ಮುಂದಿನ ತಿಂಗಳ ಯೋಜನೆಯೂ ಇರಲಿಲ್ಲ!

ಹಿಂದು ಮುಂದಾದ ಸಾಲು

ಮೊದಲ ಕಥೆ 1942ರ ಮೇ ಸಂಚಿಕೆಯಲ್ಲಿ ಬಂತು. ನಾಯಕ ಸಾಲ್ವರ್ ಹಾರ್ಡಿನ್‌ಗೆ ಬಿಕ್ಕಟ್ಟಿನ ಪರಿಹಾರ ಹೊಳೀತದೆ, ಓದುಗರಿಗೆ ಹೇಳೋದಿಲ್ಲ, ಕಥೆ ಮುಗೀತದೆ. ಸಂಪಾದಕ ಮುಂದಿನ ಕಥೆ ತಗೊಳ್ಳಲೇಬೇಕು ಅಂತ ಆಸಿಮೊವ್ ಹೂಡಿದ ಹೂಟ ಅದು. ಆದರೆ ಮುಂದಿನ ಕಥೆ ಬರೆಯೋಕೆ ಕೂತಾಗ ತಾವೇ ಸಿಕ್ಕಿಹಾಕಿಕೊಂಡರು. ಗೆಳೆಯ ಫ್ರೆಡರಿಕ್ ಪೋಲ್ ಜೊತೆ ಬ್ರೂಕ್ಲಿನ್ ಸೇತುವೆ ಮೇಲೆ ನಡೀತಾ ಮಾತಾಡಿದ ಮೇಲೆ ದಾರಿ ಕಂಡಿತು. ಜೂನ್ ಸಂಚಿಕೆಗೆ ಎರಡನೇ ಕಥೆ ಬಂತು.

ಹೀಗೆ 1942ರಿಂದ 1950ರ ಜನವರಿವರೆಗೆ ಎಂಟು ಕಥೆ. ನಮ್ಮ ‘ಸುಧಾ’, ‘ತರಂಗ’ದ ಧಾರಾವಾಹಿ ನೆನಪಿಸಿಕೊಳ್ಳಿ. ಹಿಂದಿನ ಸಂಚಿಕೆ ಕೈಗೆ ಸಿಗದೇ ಇದ್ದವರಿಗೂ ಅರ್ಥ ಆಗಬೇಕು. ಅದಕ್ಕೇ ಪ್ರತಿ ಕಥೆಯಲ್ಲೂ ಹಿಂದಿನ ಸಂಗತಿಯನ್ನ ಮತ್ತೆ ಹೇಳಬೇಕಾಗ್ತಿತ್ತು. ಎಂಟನೇ ಕಥೆ ಹೊತ್ತಿಗೆ ಆಸಿಮೊವ್‌ಗೆ ಸಾಕಾಗಿ ಹೋಯ್ತು. ಹಿಂದಿನದನ್ನೆಲ್ಲ ಹೇಗೆ ತುರುಕೋದು? ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಶಾಲೆಯ ಪ್ರಬಂಧದ ನೆಪದಲ್ಲಿ ತುರುಕಿದರು. ಅಲ್ಲಿಗೆ ನಿಲ್ಲಿಸಿದರು.

ಇದು ನಮಗೆ ಯಾಕೆ ಮುಖ್ಯ? ಈ ಕಥೆಗಳನ್ನ ಬರೆದದ್ದೇ ನಡುವೆ ಒಳಗೆ ಬರೋ ಓದುಗರಿಗಾಗಿ. ಪಂಡಿತರಿಗಲ್ಲ. ಅಂಗಡಿಯಲ್ಲಿ ತೂಗಾಡೋ ಅಗ್ಗದ ಪತ್ರಿಕೆ ಕೊಳ್ಳೋ ಹುಡುಗರಿಗೆ. ಅದಕ್ಕೇ ವಾಕ್ಯ ಸಣ್ಣವು, ಮಾತುಕತೆ ಜಾಸ್ತಿ, ವರ್ಣನೆ ಕಮ್ಮಿ.

ಆಮೇಲೆ ಸಾಲು ಹಿಂದುಮುಂದಾಯ್ತು. 1951ರಲ್ಲಿ ನೋಮ್ ಪ್ರೆಸ್ ಪುಸ್ತಕ ಮಾಡೋಕೆ ಹೊರಟಾಗ ಶುರುವಾತು ತೀರಾ ದಿಢೀರ್ ಅನ್ನಿಸ್ತು. ಹಾಗಾಗಿ ಒಂದು ಹೊಸ ಕಥೆ ಬರೆದು ಮುಂದೆ ಸೇರಿಸಿದರು. ಅಂದ್ರೆ ಪುಸ್ತಕದ ಮೊದಲ ಭಾಗ ಬರೆದದ್ದು ಎಲ್ಲಕ್ಕಿಂತ ಕೊನೆಗೆ. 1944ರ ಆಗಸ್ಟ್‌ನಲ್ಲಿ ಬಂದ ಕಥೆ ಪುಸ್ತಕದಲ್ಲಿ ಕೊನೆಗೆ ಹೋಯ್ತು, ಅಕ್ಟೋಬರ್‌ನಲ್ಲಿ ಬಂದದ್ದು ಅದಕ್ಕಿಂತ ಮುಂದೆ ಬಂತು. 1952ರಲ್ಲಿ ‘ಫೌಂಡೇಶನ್ ಆಂಡ್ ಎಂಪೈರ್’, 1953ರಲ್ಲಿ ‘ಸೆಕೆಂಡ್ ಫೌಂಡೇಶನ್’. ಮೂರು ಪುಸ್ತಕ ಮುಗೀತು. 1966ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಸಾರ್ವಕಾಲಿಕ ಶ್ರೇಷ್ಠ ಸರಣಿಗೆ ಅಂತ ಹ್ಯೂಗೊ ಪ್ರಶಸ್ತಿ ಕೊಟ್ಟರು. ಟೋಲ್ಕಿನ್ ಅವರ ‘ಲಾರ್ಡ್ ಆಫ್ ದಿ ರಿಂಗ್ಸ್’ಗೇ ಬರ್ತದೆ ಅಂದುಕೊಂಡು ಆಸಿಮೊವ್ ಕೂತಿದ್ದರು. ಬಂದದ್ದು ಇವರಿಗೆ.

ಎಂಟನೇ ಕಥೆ ಬಂದು ಮೂವತ್ತೆರಡು ವರ್ಷ ಆದಮೇಲೆ, ಪ್ರಕಾಶಕರ ಒತ್ತಾಯಕ್ಕೆ, 1982ರಲ್ಲಿ ನಾಲ್ಕನೇದು ‘ಫೌಂಡೇಶನ್ಸ್ ಎಡ್ಜ್’. 1986ರಲ್ಲಿ ಐದನೇದು. ಅಲ್ಲಿಂದ ಮುಂದೆ ಕಥೆ ಎಲ್ಲಿಗೆ ಒಯ್ಯಬೇಕೋ ತೋಚಲಿಲ್ಲ. ಅದಕ್ಕೇ ಹಿಂದಕ್ಕೆ ಹೋಗಿ ಸೆಲ್ಡನ್‌ನ ಯೌವನದ ಕಥೆ ಬರೆದರು. 1988ರಲ್ಲಿ. ಅದೇ ನನ್ನ ನಲವತ್ತು ರೂಪಾಯಿಯ ‘ಪ್ರಿಲ್ಯೂಡ್’. ಆಸಿಮೊವ್ ತೀರಿಕೊಂಡದ್ದು 1992ರಲ್ಲಿ. ಏಳನೇದು 1993ರಲ್ಲಿ ಹೊರಬಂತು.

ಅಂದ್ರೆ ನಾನು ಮುಂಬಾಗಿಲು ಅಂತ ಬಡಿದದ್ದು ಹಿತ್ತಲ ಬಾಗಿಲು. ಮನೆ ಕಟ್ಟಿ ನಲವತ್ತಾರು ವರ್ಷ ಆದಮೇಲೆ, ಮನೆಯ ಪರಿಚಯ ಇದ್ದವರಿಗಾಗಿ ಇಟ್ಟ ಬಾಗಿಲು.

ತೊಟ್ಟಿಲಿಗೆ ಮೊದಲ ಪುಟ ಎಲ್ಲಿ?

ಒಂದು ನಿಮಿಷ ನಮ್ಮ ಊರ ಕಡೆ ಬರೋಣ. ಕಲಘಟಗಿ ಅಂದ್ರೆ ಎಲ್ಲರಿಗೂ ನೆನಪಾಗೋದು ಬಣ್ಣದ ತೊಟ್ಟಿಲು. ಅದರ ಸುತ್ತ ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆಯ ಚಿತ್ರ. ಮಗು ಯಾವ ಕಡೆ ಹೊರಳ್ತದೋ ಆ ಕಡೆಯಿಂದ ಕಥೆ ಶುರು.

ದೊಡ್ಡವರು ಮಾಡೋದೂ ಅದನ್ನೇ. ಹುಬ್ಬಳ್ಳಿ ಹತ್ತಿರದ ಕೋಳಿವಾಡ ಕುಮಾರವ್ಯಾಸನ ಊರು. ಅವನು ಬರೆದದ್ದು ಹತ್ತು ಪರ್ವ, ಗದಾಪರ್ವಕ್ಕೆ ನಿಲ್ಲಿಸಿದ. ಉಳಿದದ್ದನ್ನ ಮುಂದೆ ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಒಬ್ಬರು ನಿಲ್ಲಿಸಿದ ಸಾಲನ್ನ ಇನ್ನೊಬ್ಬರು ಮುಂದುವರಿಸೋದು ನಮಗೆ ಹೊಸದೇನಲ್ಲ. ಇನ್ನು ಊರಲ್ಲಿ ಭಾರತ ಓದಿಸೋರು ಯಾವಾಗಲೂ ಆದಿಪರ್ವದಿಂದ ಶುರು ಮಾಡ್ತಾರಾ? ಮಳೆ ಹೋದ ವರ್ಷ ವಿರಾಟಪರ್ವ ಓದಿಸ್ತಾರೆ. ನಾಲ್ಕನೇ ಪರ್ವದಿಂದ ಶುರು! ಮೊದಲ ಮೂರು ಓದಿ ಬಾ ಅಂತ ಯಾರೂ ಯಾರನ್ನೂ ವಾಪಸ್ ಕಳಿಸೋದಿಲ್ಲ. ಮಳೆ ಬೇಕಾಗಿದೆ, ಅದಕ್ಕೆ ತಕ್ಕ ಪರ್ವ ತೆರೀತಾರೆ.

ಇಷ್ಟು ದೊಡ್ಡ ಕಥೆಯನ್ನ ಹೀಗೆ ಸಲೀಸಾಗಿ ಬಳಸೋ ಊರಲ್ಲಿ ಹುಟ್ಟಿ, ನಾನು ಒಂದು ಪಟ್ಟಿಗೆ ಹೆದರಿದ್ದೆ.

ಹಾಗಾದ್ರೆ ಎಲ್ಲಿಂದ?

ಅಕ್ಕನ ಮಗಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

1951ರ ‘ಫೌಂಡೇಶನ್’ನಿಂದ ಶುರು ಮಾಡಿ. ಅದರಲ್ಲಿ ಐದು ಭಾಗ. ಒಂದೊಂದೂ ಬಿಡಿ ಕಥೆ ಇದ್ದ ಹಾಗೆ. ಮೊದಲ ಎರಡು ಓದಿ. ಹಿಡಿಸಲಿಲ್ಲ ಅಂದ್ರೆ ನಾಚಿಕೆ ಇಲ್ಲದೆ ಬಿಡಿ. ಹಿಡಿಸಿದರೆ ಮುಂದೆ ಹೋಗಿ. ಎರಡನೇ ಪುಸ್ತಕದ ಮೊದಲರ್ಧ ಸ್ವಲ್ಪ ನಿಧಾನ, ತಾಳ್ಮೆ ಇರಲಿ. ದ್ವಿತೀಯಾರ್ಧದಲ್ಲಿ ‘ಮ್ಯೂಲ್’ ಬರ್ತಾನೆ. ಸೆಲ್ಡನ್ ಯೋಜನೆಯನ್ನ ಮುರಿ ಅಂತ 1945ರಲ್ಲಿ ಕ್ಯಾಂಪ್‌ಬೆಲ್ ಹಟ ಹಿಡಿದಾಗ ಆಸಿಮೊವ್ ಗಾಬರಿಯಾಗಿದ್ದರು. ಆ ಗಾಬರಿಯಿಂದ ಹುಟ್ಟಿದ ಪಾತ್ರ ಇದು. ಹೆಚ್ಚು ಹೇಳೋದಿಲ್ಲ, ಮಜಾ ಹೋಗ್ತದೆ. ಮೂರನೇ ಪುಸ್ತಕ ಮುಗಿಸಿ ನಿಲ್ಲಿ. ಅಲ್ಲಿಗೆ ನೀವು ಫೌಂಡೇಶನ್ ಓದಿದವರೇ. ಇನ್ನೂ ಹಸಿವಿದ್ದರೆ 1982ರದ್ದು. ‘ಪ್ರಿಲ್ಯೂಡ್’ ಕೊನೆಗಿರಲಿ. ಸೆಲ್ಡನ್ ಯಾರು ಅಂತ ಗೊತ್ತಿದ್ದವರಿಗೆ ಅವನ ಯೌವನದ ಕಥೆ ರುಚಿ.

ಸೀರೀಸ್ ನೋಡಿ ಬರೋರಿಗೆ ಒಂದು ಮಾತು. ಆ್ಯಪಲ್ ಟಿವಿ ಪ್ಲಸ್‌ನಲ್ಲಿ 2021ರಲ್ಲಿ ಶುರುವಾದ ಸೀರೀಸ್‌ನಲ್ಲಿ ಒಬ್ಬನೇ ಚಕ್ರವರ್ತಿಯ ನಕಲುಗಳು ಪೀಳಿಗೆ ಪೀಳಿಗೆ ಆಳ್ತಾರಲ್ಲ, ಅದು ಪುಸ್ತಕದಲ್ಲಿ ಇಲ್ಲ. ಪುಸ್ತಕದಲ್ಲಿ ಹೊಡೆದಾಟವೂ ಕಮ್ಮಿ. 1982ಕ್ಕೆ ಮುಂಚೆ ಆಸಿಮೊವ್ ತಮ್ಮ ಮೂರೂ ಪುಸ್ತಕ ಮತ್ತೆ ಓದಿದಾಗ, ಇದರಲ್ಲಿ ಏನೂ ನಡೆಯೋದೇ ಇಲ್ಲವಲ್ಲ, ಬರೀ ಮಾತು ಅಂತ ಅವರಿಗೇ ಅನ್ನಿಸಿತಂತೆ. ಆದರೂ ಕೆಳಗಿಡೋಕೆ ಆಗಲಿಲ್ಲವಂತೆ.

ಇಂಗ್ಲಿಷ್ ಇನ್ನೂ ಭಾರ ಅನ್ನಿಸಿದರೆ ಮೊದಲು ಕನ್ನಡದಲ್ಲೇ ಬೆರಗಿನ ರುಚಿ ಹತ್ತಿಸಿಕೊಳ್ಳಿ. ತೇಜಸ್ವಿಯವರ ‘ಕರ್ವಾಲೊ’ 1980ರದ್ದು. ಹಾರುವ ಓತಿಯ ಬೆನ್ನು ಹತ್ತಿ ಹೋಗೋ ಕಥೆ. ವಿಜ್ಞಾನವೂ ಉಂಟು, ನಗುವೂ ಉಂಟು. ಅಚ್ಚ ವೈಜ್ಞಾನಿಕ ಕಾದಂಬರಿಯೇ ಬೇಕು ಅಂದ್ರೆ ರಾಜಶೇಖರ ಭೂಸನೂರಮಠರನ್ನ ಹುಡುಕಿ.

ಹಳ್ಳಿ ಹುಡುಗನ ಮೊದಲ ಪುಟ

ಕೊನೆಗೆ ನನ್ನದೊಂದು ಮಾತು. 2021ರಲ್ಲಿ ಸೀರೀಸ್ ಗದ್ದಲ ಎದ್ದಾಗ ಹಳೇ ಗಾಯ ನೆನಪಾಗಿ ಫೋನಿನಲ್ಲೇ ‘ಫೌಂಡೇಶನ್’ ತೆರೆದೆ. ಮೊದಲ ಪುಟದಲ್ಲಿ ಯಾರಿದ್ದಾನೆ ಗೊತ್ತಾ? ಗಾಲ್ ಡಾರ್ನಿಕ್ ಅನ್ನೋ ಹಳ್ಳಿ ಹುಡುಗ. ದೂರದ ಒಂದು ಸಣ್ಣ ಗ್ರಹದವನು. ಸಾಮ್ರಾಜ್ಯದ ರಾಜಧಾನಿ ಟ್ರಾಂಟರ್‌ಗೆ ಮೊದಲ ಸಲ ಬಂದಿದ್ದಾನೆ. ಗ್ರಹದ ತುಂಬ ಒಂದೇ ಊರು. ಎಲ್ಲಿ ಹೋಗಬೇಕು, ಯಾರನ್ನ ಕೇಳಬೇಕು, ತಿಳೀದೆ ನಿಂತಿದ್ದಾನೆ.

ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕು ಹಿಡಿದು ನಿಂತಿದ್ದ ನನ್ನನ್ನ ನಾನೇ ನೋಡಿದ ಹಾಗಾಯ್ತು. ಆ ಪುಟ ಹದಿಮೂರು ವರ್ಷ ನನಗಾಗಿ ಕಾದಿತ್ತು. ಪಕ್ಕದ ಬಾಗಿಲು ಬಡಿದು ವಾಪಸ್ ಹೋಗಿದ್ದೆ ನಾನು.

ಅಕ್ಕನ ಮಗಳು ಮೊದಲ ಪುಸ್ತಕ ಅರ್ಧ ಓದಿ ಫೋನ್ ಮಾಡಿದಳು. "ಮಾಮಾ, ಇದರಾಗ ಹೆಣ್ಮಕ್ಕಳೇ ಇಲ್ಲಲ್ಲ?"

ಸಿಕ್ಕಿಬಿದ್ದೆ. ಮಾತು ಖರೆ. ಮೊದಲ ಪುಸ್ತಕದಲ್ಲಿ ಹೆಣ್ಣು ಪಾತ್ರ ಇಲ್ಲ ಅಂದರೂ ನಡೀತದೆ. 1940ರ ದಶಕದ ಆ ಪತ್ರಿಕೆಗಳ ಕುರುಡು ಅದು. ಸಾವಿರಾರು ವರ್ಷ ಮುಂದಿನದನ್ನ ಕಲ್ಪಿಸಿಕೊಂಡವರಿಗೆ ಪಕ್ಕದಲ್ಲಿದ್ದವರು ಕಾಣಲಿಲ್ಲ. 1945ರಲ್ಲಿ ಬರೆದ ‘ಮ್ಯೂಲ್’ ಕಥೆಯಲ್ಲಿ ಬೇಟಾ ಬರ್ತಾಳೆ, ಇಡೀ ಕಥೆ ಅವಳ ಮೇಲೆ ನಿಂತಿದೆ. ಮೂರನೇ ಪುಸ್ತಕದಲ್ಲಿ ಆರ್ಕೇಡಿ. ಪ್ರಬಂಧ ಬರೆದ ಹದಿನಾಲ್ಕರ ಹುಡುಗಿ ಅಂದೆನಲ್ಲ, ಅವಳೇ.

"ಹಂಗಾದ್ರ ನಾ ಮೂರನೇದರಿಂದ ಓದ್ತೀನಿ" ಅಂದಳು.

ನಾನು ಬಾಯಿ ತೆರೆದೆ. ಕ್ರಮ ಹೇಳಬೇಕು ಅಂದುಕೊಂಡೆ. ಆಮೇಲೆ ವಿರಾಟಪರ್ವ ನೆನಪಾಯ್ತು.

"ಓದು" ಅಂದೆ. "ತಿಳೀಲಿಲ್ಲಂದ್ರ ಆರ್ಕೇಡಿ ಪ್ರಬಂಧ ಐತಿ, ಹಿಂದಿನದೆಲ್ಲ ಅದರಾಗ ಹೇಳ್ಯಾಳ."

ಅವಳಿಗೆ ಯಾವ ಪಟ್ಟಿಯೂ ಅಡ್ಡ ಬರಲಿಲ್ಲ. ಮೂರನೇದು ಮುಗಿಸಿ ಈಗ ಎರಡನೇದಕ್ಕೆ ಬಂದಿದ್ದಾಳೆ. ಅಟ್ಟದಿಂದ ‘ಪ್ರಿಲ್ಯೂಡ್’ ನಾನೂ ಇಳಿಸಿಕೊಂಡಿದ್ದೀನಿ. ಒಳಗೆ ಇಂಗ್ಲಿಷ್ ಶಬ್ದದ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಅರ್ಥ ಬರೆದ ಹದಿನೇಳರ ಹುಡುಗನ ಅಕ್ಷರ. ಮೂವತ್ತನೇ ಪುಟಕ್ಕೆ ನಿಂತಿದೆ. ಮೂವತ್ತೊಂದರಿಂದ ಶುರು ಮಾಡಿದ್ದೀನಿ.

ನಿಮ್ಮ ಅಟ್ಟದ ಮೇಲೆ ಯಾವ ಪುಸ್ತಕ ಕೂತಿದೆ? ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.